ಕಣದ ಮೇಲೊಂದು ದಾರಿ

ಮರೋಳದ ಮುದಕಪ್ಪ ಕಣದ ತುಂಬ ಮೆಣಸಿನಕಾಯಿ ಹರವಿ ಬೀಡಿ ಹಚ್ಚುವಷ್ಟರಲ್ಲಿ ತಲೆಯ ಮೇಲೆ ಹೆಲಿಕಾಪ್ಟರ್ ಹಾದುಹೋಯಿತು. ಕಾಯಿಯೆಲ್ಲ ಎದ್ದು ಹೆಂಡತಿ ಶಾರವ್ವನ ಮೇಲೆ ಅಕ್ಷತೆಯಂತೆ ಬಿದ್ದವು. ಎಂಬತ್ತೇಳನೆಯ ಇಸವಿ. ಊರ ಹೊರಗಿನ ಬಯಲಿನಲ್ಲಿ ಯಾರೋ ಅಧಿಕಾರಿಗಳು ಹೊಸ ಯಂತ್ರ ಪರೀಕ್ಷಿಸುತ್ತ ಬೆಳಗಿನಿಂದ ಹಾರುವುದು, ಇಳಿಯುವುದು ಇದನ್ನೇ ನಡೆಸಿದ್ದರು.

ದಾರಿಯ ವಿಷಯದಲ್ಲಿ ಮುದಕಪ್ಪ ಮಹಾ ಮೊಂಡ. ಹಿಂದಿನ ಹೊಲದ ಕಾಳಪ್ಪ ಬಂಡಿದಾರಿ ಕೊಡೆಂದು ವರ್ಷಗಟ್ಟಲೆ ಅಂಗಲಾಚಿದ್ದ. ಪಂಚರೂ ಹೇಳಿ ಸೋತಿದ್ದರು. "ನನ್ನ ಹೆಣದ ಮ್ಯಾಲೆ ಬಂಡಿ ಹೊಡಿ" ಎಂಬುದೊಂದೇ ಉತ್ತರ. ಪಾಪ, ಕಾಳಪ್ಪ ಹಳ್ಳ ಸುತ್ತಿ ಹೊಲ ಸೇರುತ್ತಿದ್ದ.

ಅಂಥವನು ಸುಮ್ಮನಿರುತ್ತಾನೆಯೇ? ಬಯಲಿಗೆ ನಡೆದ. ತಮಾಷೆ ನೋಡಲು ಅರ್ಧ ಊರು ಹಿಂದೆಯೇ ಬಂತು.

"ಯಾರನ್ನ ಕೇಳಿ ನನ್ನ ಕಣದ ಮ್ಯಾಲೆ ದಾರಿ ಮಾಡೀರಿ?"

"ಆಕಾಶದಲ್ಲಿ ಎಲ್ಲಿಯ ದಾರಿ ಯಜಮಾನರೇ?" ಎಂದು ಅಧಿಕಾರಿ ನಕ್ಕರು.

"ದಾರಿ ಇಲ್ಲಂದ್ರ ಸಲ ಸಲಾ ಅದ ಜಾಗಾದಾಗ ಹೆಂಗ ಬರ್ತೀರಿ?"

ಪೈಲಟ್‌ಗೆ ಈ ಪ್ರಶ್ನೆ ಹಿಡಿಸಿತು. ಮುದಕಪ್ಪನನ್ನು ಒಳಗೆ ಕೂರಿಸಿ, ಟೀವಿಯಂಥ ಪುಟ್ಟ ಪರದೆ ತೋರಿಸಿದ. ಬಯಲಿನಲ್ಲಿಟ್ಟ ಪೆಟ್ಟಿಗೆಯೊಂದು ಆಕಾಶದಲ್ಲಿ ಕಣ್ಣಿಗೆ ಕಾಣದ ಇಳಿಜಾರು ದಾರಿ ಹಾಸುತ್ತದಂತೆ. ಪರದೆಯ ನಡುಗೆರೆ ಅಂದರೆ ನಾವು, ಪಕ್ಕದಲ್ಲಿ ಮೇಲೆ ಕೆಳಗೆ ಸರಿಯುವ ಹರಳಿನಂಥ ಗುರುತು ಅಂದರೆ ದಾರಿ.

ಪಂಚರಲ್ಲೊಬ್ಬನಾದ ಸಂಗಯ್ಯ ಬಾಗಿಲಿನಿಂದ ಇಣುಕಿದ. "ಹರಳು ಮ್ಯಾಲೆ ಹೋದ್ರ ವಿಮಾನ ಮ್ಯಾಲೈತಿ ಅಂತ ಅಲ್ಲೇನೋ?"

"ಅಲ್ರಿ ಅಯ್ಯನವರ, ದಾರಿ ಮ್ಯಾಲೈತಿ, ನಾವು ಕೆಳಗದೀವಿ. ಹರಳು ಕೆಳಗಿಳಿದ್ರ ನಾವ ಮ್ಯಾಲದೀವಿ, ಇಳೀಬೇಕು. ನಡುವ ನಿಂತ್ರ ದಾರಿ ಸರಿ ಐತಿ." ಪೈಲಟ್ ಒಮ್ಮೆ ಹೇಳಿದ್ದೇ ತಡ, ಮುದಕಪ್ಪನಿಗೆ ಹುಟ್ಟಿದಾಗಿನಿಂದ ವಿಮಾನ ಹೊಡೆದವನ ಗತ್ತು ಬಂದಿತ್ತು.

ಹಾರಿಸಿಯೂ ತೋರಿಸಿದರು. ಹರಳು ನಡುಗೆರೆಗೆ ಬಂದು ನಿಂತಾಗ ಮುದಕಪ್ಪ ಕೆಳಗೆ ನೋಡಿದ. ನೆಟ್ಟಗೆ ತನ್ನದೇ ಕಣ. ಮೆಣಸಿನಕಾಯಿ ಮತ್ತೊಮ್ಮೆ ಎದ್ದು ಶಾರವ್ವನ ಮೇಲೆ ಬಿದ್ದವು. ಆಕೆ ಮೇಲೆ ನೋಡಿ ಬೈದದ್ದು ಗದ್ದಲದಲ್ಲಿ ಗಂಡನಿಗೆ ಕೇಳಿಸಲಿಲ್ಲ.

ಇಳಿದವನೇ ಗುಡುಗಿದ: "ದಾರಿ ಐತಿ ಅಂತ ನಿಮ್ಮ ಯಂತ್ರನ ಒಪ್ಕೊಂಡೈತಿ. ತಗೀರಿ ಅದನ್ನ."

ಅಧಿಕಾರಿಗಳು ಗುಸುಗುಸು ಮಾತಾಡಿಕೊಂಡರು. ಪೆಟ್ಟಿಗೆಯನ್ನು ಕಾಳಪ್ಪನ ಹೊಲದಾಚೆ ಇಟ್ಟರೆ ದಾರಿ ಹಳ್ಳದ ಮೇಲೆ ಹೋಗುತ್ತದೆ. ಆದರೆ ಪೆಟ್ಟಿಗೆ ಭಾರ, ಬಂಡಿ ಬೇಕು. ಹಳ್ಳದ ಸುತ್ತಿನಲ್ಲಿ ಬಂಡಿ ಸಾಗದು, ಮುದಕಪ್ಪನ ಹೊಲ ದಾಟಿಯೇ ಹೋಗಬೇಕು.

"ಹೋಗ್ರಿ, ಯಾರ ಬ್ಯಾಡಂದ್ರು?" ಮುದಕಪ್ಪ ಎದೆ ಸೆಟೆಸಿದ. "ಊರ ಮುಂದ ಹೇಳ್ತೇನಿ. ನೆಲದ ಮ್ಯಾಲೆ ಎಷ್ಟ ಬೇಕಾದ್ರೂ ಬಂಡಿ ಹೊಡೀರಿ. ತಲಿ ಮ್ಯಾಲೆ ಮಾತ್ರ ನಾ ದಾರಿ ಕೊಡೂದಿಲ್ಲ."

ಗುಂಪಿನಲ್ಲಿದ್ದ ಕಾಳಪ್ಪ ಎತ್ತು ಹೂಡಲು ಮನೆಗೆ ಓಡಿದ. ಬೇಲಿಯನ್ನು ಮುದಕಪ್ಪನೇ ಕಿತ್ತು ಕೊಟ್ಟ. ಪೆಟ್ಟಿಗೆ ಹೋಯಿತು, ಅದರ ಬೆನ್ನಿಗೆ ಹೆಲಿಕಾಪ್ಟರ್ ಹಳ್ಳದ ಕಡೆ ತಿರುಗಿತು. ಗೆದ್ದ ಮುದಕಪ್ಪ ಮತ್ತೆ ಕಾಯಿ ಹರವಿಸಿದ.

ಸಂಜೆ ಕಾಳಪ್ಪ ಗೊಬ್ಬರ ಹೇರಿಕೊಂಡು ಅದೇ ಜಾಡಿನಲ್ಲಿ ಬಂದ. ಪಕ್ಕದಲ್ಲಿ ಸಂಗಯ್ಯ ಕೂತಿದ್ದ.

"ಯಾರನ್ನ ಕೇಳಿ ಬಂದೀಲೇ?"

"ನೀನ ಊರ ಮುಂದ ಕೊಟ್ಟೀಯಲ್ಲ. ಅಯ್ಯನವರು ಸಾಕ್ಷಿ ಅದಾರ." ಕಾಳಪ್ಪ ಎತ್ತು ನಿಲ್ಲಿಸಲೇ ಇಲ್ಲ. "ಹರಳು ನಡುವ ಐತಿ ನೋಡ ಮುದಕಣ್ಣ. ದಾರಿ ಸರಿ ಐತಿ."

ಗಾಲಿಯ ಧೂಳೆಲ್ಲ ಮೆಣಸಿನಕಾಯಿಯ ಮೇಲೆ ಕೂತಿತು. ಶಾರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಗಂಡನನ್ನೇ ನೋಡಿದಳು. ಮುದಕಪ್ಪ ಮೀಸೆ ತಿರುವಿ ತಲೆಯೆತ್ತಿದ. ಆಕಾಶದಲ್ಲಿ ಒಂದು ದಾರಿಯೂ ಇರಲಿಲ್ಲ.