ಎಂಬತ್ತೊಂದನೇ ಪುಟದ ಕಿವಿ

ರಾಮನಗರದ ಆ ಕಾಲೇಜಿನ ವಾಣಿಜ್ಯ ವಿಭಾಗಕ್ಕೆ ಕಳೆದ ಹದಿನಾಲ್ಕು ವರ್ಷಗಳಿಂದ ಸಲ್ಲಿಕೆಯಾದ ಪ್ರತಿಯೊಂದು ಪ್ರಾಜೆಕ್ಟ್ ವರದಿಯಲ್ಲೂ ಗ್ರಾಹಕರ ಪೈಕಿ ಶೇಕಡ ಎಪ್ಪತ್ತೆರಡು ಮಂದಿ ತೃಪ್ತರಾಗಿದ್ದಾರೆ. ಎಪ್ಪತ್ತೊಂದೂ ಇಲ್ಲ, ಎಪ್ಪತ್ತಮೂರೂ ಇಲ್ಲ. ರೇಷ್ಮೆಗೂಡಿನ ದರ ದಿನಕ್ಕೊಂದು ಬಗೆ ಕುಣಿಯುವ ಊರಿನಲ್ಲಿ ಇಷ್ಟು ಸ್ಥಿರವಾಗಿ ನಿಂತ ಸಂಖ್ಯೆ ಮತ್ತೊಂದಿಲ್ಲ ಎಂದು ವಿಭಾಗದವರಿಗೆ ಹೆಮ್ಮೆಯೂ ಉಂಟು.

ಈ ಸ್ಥಿರತೆಗೆ ಕಾರಣ ಮಾದರಿ ಪ್ರತಿ. ಮೊದಲ ತಂಡದ ವಿದ್ಯಾರ್ಥಿಯೊಬ್ಬ ಯಾವುದೋ ಬಿಸ್ಕತ್ತು ಕಾರ್ಖಾನೆಯ ಬಗ್ಗೆ ಬರೆದ ಎಂಬತ್ತು ಪುಟಗಳ ವರದಿ ಅದು. ಹೊರಗಿನಿಂದ ಬಂದ ಪರೀಕ್ಷಕರು ಅದರಲ್ಲಿ ಒಂದೂ ಕೆಂಪು ಗೆರೆ ಎಳೆಯದೆ ಪಾಸು ಮಾಡಿಬಿಟ್ಟರು. ಇಂಥ ಪವಾಡ ಮತ್ತೆ ನಡೆಯುವ ಭರವಸೆ ಇಲ್ಲದ ಕಾರಣ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಸುತ್ತೋಲೆ ಹೊರಡಿಸಲಾಯಿತು: 'ಇನ್ನು ಮುಂದೆ ಸಲ್ಲಿಸುವ ವರದಿಗಳು ಅಂಚು, ಅಕ್ಷರದ ಗಾತ್ರ, ಅಧ್ಯಾಯ, ಕೋಷ್ಟಕ ಹಾಗೂ ಫಲಿತಾಂಶಗಳ ವಿಷಯದಲ್ಲಿ ಸದರಿ ಪ್ರತಿಯಂತೆಯೇ ಇರತಕ್ಕದ್ದು. ಎಡ ಅಂಚು ಒಂದೂವರೆ ಇಂಚು. ಕೃತಜ್ಞತೆಯಲ್ಲಿ ಪ್ರಾಂಶುಪಾಲರು ದೇವರ ನಂತರ, ತಂದೆತಾಯಿಗಳ ಮೊದಲು ಬರತಕ್ಕದ್ದು. ಒಟ್ಟು ಪುಟ ಎಂಬತ್ತು ಮಾತ್ರ.'

ಅಂದಿನಿಂದ ಎಲ್ಲವೂ ಸುಸೂತ್ರ. ಬಿಸ್ಕತ್ತು ಇನ್ನಷ್ಟು ಗರಿಗರಿಯಾಗಿರಬೇಕು ಎಂಬುದು ಮಾದರಿ ಪ್ರತಿಯ ಮುಖ್ಯ ಸಲಹೆ. ಹೋದ ವರ್ಷ ಕನಕಪುರದ ಕಡೆಯ ಕಲ್ಲುಕ್ವಾರಿಯೊಂದರ ಬಗ್ಗೆ ಬರೆದ ಹುಡುಗ, ಕಲ್ಲು ಇನ್ನಷ್ಟು ಗರಿಗರಿಯಾಗಿರಬೇಕೆಂದು ಸೂಚಿಸಿ ಡಿಸ್ಟಿಂಕ್ಷನ್ ಪಡೆದ. ಕ್ವಾರಿಯವರೂ 'ಆಗಲಿ, ಪ್ರಯತ್ನ ಮಾಡುತ್ತೇವೆ' ಎಂದು ಪತ್ರ ಕೊಟ್ಟರಂತೆ.

ಇಂಥ ವಿಭಾಗಕ್ಕೆ ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ನಿಖಾತ್, ಬಿ.ಕಾಂ. ಕೊನೆಯ ವರ್ಷದ ಹುಡುಗಿ, ನಿಜವನ್ನೇ ಬರೆಯಬೇಕೆಂದು ಹೊರಟಳು. ಅವಳ ಮೇಲೆ ತಪ್ಪು ಹೊರಿಸುವಂತಿಲ್ಲ; ಅವಳಿಗೆ ಅವಳದೇ ಆದ ತಾಪತ್ರಯವಿತ್ತು.

ಅವಳ ತಂದೆ ತಾಜ್ ಪಾಷಾ ಆಟಿಕೆ ಮಾಡುವವರು. ಮನೆಯ ಮುಂದಿನ ಕೋಣೆಯಲ್ಲೇ ಮರ ಕಡೆಯುವ ಲೇತು, ಕೋಣೆಯ ಬಾಗಿಲಲ್ಲೇ ಅಂಗಡಿ. ಆಲೆ ಎಂಬ ಮೆದು ಮರ ಕಡೆದು, ಅರಗಿನ ಬಣ್ಣ ಹತ್ತಿಸಿ, ಬುಗುರಿ, ಗಿಲಕಿ, ಗೊಂಬೆ ಎಲ್ಲ ಮಾಡುತ್ತಿದ್ದರು, ಎಲ್ಲವೂ ಮಾರಿಹೋಗುತ್ತಿತ್ತು. ಹೋಗದೆ ಉಳಿದಿದ್ದು ಕುದುರೆ. ಮುನ್ನೂರು ಕುದುರೆ ಅಟ್ಟದ ಮೇಲೆ ಸಾಲಾಗಿ ನಿಂತು ಧೂಳು ತಿನ್ನುತ್ತಿದ್ದವು. ಕಾರಣ ತಾಜ್ ಪಾಷಾ ಒಬ್ಬರನ್ನು ಬಿಟ್ಟು ಓಣಿಗೆಲ್ಲ ಗೊತ್ತಿತ್ತು: ಕುದುರೆ ಕತ್ತೆಯ ಹಾಗಿತ್ತು. ಕಿವಿ ಉದ್ದ. ಲೇತಿನಲ್ಲಿ ಬೇರೆಯಾಗಿ ಕಡೆದು ಅಂಟಿಸುವ ಆ ಕಿವಿಯನ್ನು ಅರ್ಧ ಬೆರಳು ಕಮ್ಮಿ ಮಾಡಿದ್ದರೆ ಸಾಕಿತ್ತು.

"ಅಬ್ಬಾ, ಕಿವಿ ಒಸಿ ಕಮ್ಮಿ ಮಾಡಿ," ಎಂದು ನಿಖಾತ್ ಹೇಳದ ದಿನವಿಲ್ಲ.

"ನಿಮ್ಮ ದಾದಾ, ನಮ್ಮಪ್ಪ, ಜಟಕಾ ಓಡಿಸ್ತಿದ್ದೋರು. ಕುದುರೆ ಕಿವಿ ನಂಗೆ ಕಲಿಸ್ತೀಯಾ ಬೇಟಾ?" ಎನ್ನುತ್ತಿದ್ದರು ತಾಜ್ ಪಾಷಾ. "ನೀನು ಹೇಳಿದ್ರೆ ಮನೆ ಮಾತು. ಓದಿದೋರು ಬುಕ್ಕಲ್ಲಿ ಬರೆದು, ಸಹಿ ಹಾಕಿ, ಸೀಲ್ ಹೊಡೆದು ಕೊಡ್ಲಿ. ಆವತ್ತೇ ಕಿವಿ ಕತ್ತರಿಸ್ತೀನಿ."

ಒಂದೇ ಒಂದು ವಾಕ್ಯ ಸೀಲಿನ ಸಮೇತ ಮನೆಗೆ ಬರಬೇಕು, ಅಷ್ಟೆ. ಅದಕ್ಕಾಗಿ ನಿಖಾತ್ ತಂದೆಯ ಅಂಗಡಿಯನ್ನೇ ವಿಷಯವಾಗಿ ಆರಿಸಿಕೊಂಡು ಮೂರು ತಿಂಗಳು ಬಿಸಿಲಲ್ಲಿ ಅಲೆದು ಐವತ್ತು ಗ್ರಾಹಕರಿಗೆ ಕುದುರೆ ತೋರಿಸಿದಳು. ನಲವತ್ತಮೂರು ಮಂದಿ ಕತ್ತೆ ಎಂದರು. ಐದು ಮಂದಿ ಕುದುರೆ ಎಂದರು. ಅವರಲ್ಲಿ ಇಬ್ಬರು ನೆಂಟರು. ಉಳಿದಿಬ್ಬರು ಮೊಲ ಎಂದರು.

ಮಾರ್ಗದರ್ಶಕರಾದ ನಟರಾಜು ಮೇಷ್ಟ್ರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರು, ಒಳ್ಳೆಯ ಮನುಷ್ಯ. ಕೋಷ್ಟಕವನ್ನು ಎರಡು ಸಲ ನೋಡಿದರು.

"ಅಲ್ಲಮ್ಮ ನಿಖಾತ್, ಎಪ್ಪತ್ತೆರಡು ಎಲ್ಲೋಯ್ತು?"

"ತೃಪ್ತರಾದೋರು ಹತ್ತು ಪರ್ಸೆಂಟು ಸಾರ್. ನಾನೇ ಕೇಳಿದ್ದು."

"ನೀನು ಕೇಳಿದ್ದು ಸರಿ ಕಣಮ್ಮ, ಅವರು ಹೇಳಿದ್ದು ಫಾರ್ಮ್ಯಾಟ್‌ನಾಗಿಲ್ಲ. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ." ಮೇಷ್ಟ್ರು ಗ್ರಾಹಕರ ಅಶಿಸ್ತಿಗೆ ನೊಂದುಕೊಂಡರು. "ಸಂಸ್ಥೆಯ ಆಡಳಿತ ರಚನೆ ಎಲ್ಲಿ? ಏಳು ಚೌಕ ಇರ್ಬೇಕು. ನೀನು ಮೂರು ಹಾಕಿದ್ದೀಯ."

"ಅಂಗಡೀಲಿ ಇರೋದೇ ಮೂರು ಜನ ಸಾರ್."

"ಅದು ಅಂಗಡಿ ತಪ್ಪು, ಅದಕ್ಕೆ ವರದಿ ಯಾಕಮ್ಮ ಕೆಡಬೇಕು? ಸೋಮವಾರ ಕೊನೇ ದಿನ. ಆಮೇಲೆ ಬಂದ್ರೆ ಮುಂದಿನ ವರ್ಷವೇ. ಮತೀನ್ ಹತ್ರ ಹೋಗು."

ಮತೀನ್ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನು. ಎಸೆಸೆಲ್ಸಿ ಎರಡು ಸಲ ಫೇಲು. ಆದರೆ ಅವನ ಕೈ ತಾಗದೆ ಈ ಕಾಲೇಜಿನಿಂದ ಯಾರೂ ಪದವೀಧರರಾದದ್ದಿಲ್ಲ. ಮಾದರಿ ಪ್ರತಿ ಬೀರುವಿನಲ್ಲಿತ್ತಾದರೂ ಅದರ ಆತ್ಮ ಮತೀನನ ಕಂಪ್ಯೂಟರಿನಲ್ಲಿತ್ತು. ಮೇಷ್ಟ್ರುಗಳೂ ಅನುಮಾನ ಬಂದಾಗ ಅಲ್ಲಿಗೇ ಬಂದು ಕೇಳಿಕೊಂಡು ಹೋಗುತ್ತಿದ್ದರು.

"ಸಿಸ್ಟರ್, ಕಂಪ್ನಿ ಹೆಸರು ಹೇಳಿ, ಮಾಲು ಏನು ಹೇಳಿ. ಹತ್ತು ನಿಮಿಷ," ಎಂದ ಮತೀನ್. ಬಿಸ್ಕತ್ತು ಇದ್ದ ಕಡೆಯೆಲ್ಲ ಕುದುರೆ ಎಂದು ಒಂದೇ ಏಟಿಗೆ ಬದಲಾಯಿತು. ಕುದುರೆಯನ್ನು ಹಾಲು, ಮೈದಾ ಮತ್ತು ಸಕ್ಕರೆಯಿಂದ ತಯಾರಿಸಲಾಗುತ್ತದೆ ಎಂದು ಮೂರನೇ ಅಧ್ಯಾಯ ತಿಳಿಸಿತು. ಚಹಾದಲ್ಲಿ ಅದ್ದಿದಾಗ ಕುದುರೆ ಕರಗುವ ಬಗ್ಗೆ ಒಂದು ಪ್ರತ್ಯೇಕ ಕೋಷ್ಟಕವಿತ್ತು.

ನಿಖಾತಳಿಗೆ ಅಳು ಬಂತು, ಸಿಟ್ಟೂ ಬಂತು. "ಅಣ್ಣಾ, ಇದೆಲ್ಲ ಏನಾದ್ರೂ ಇರ್ಲಿ. ಕೊನೇಲಿ ನಂದೊಂದು ವಾಕ್ಯ ಸೇರ್ಸಿ. 'ಕುದುರೆಯ ಕಿವಿಯನ್ನು ಅರ್ಧ ಬೆರಳು ಕಡಿಮೆ ಮಾಡುವುದು.' ಅಷ್ಟೇ ಸಾಕು."

ಮತೀನ್ ಸೇರಿಸಿದ. ಅವನಿಗೂ ಹೆಣ್ಣುಮಕ್ಕಳಿದ್ದಾರೆ. ಆದರೆ ವಾಕ್ಯ ಎಂಬತ್ತನೇ ಪುಟದಲ್ಲಿ ಹಿಡಿಯದೆ ಎಂಬತ್ತೊಂದಕ್ಕೆ ಜಾರಿತು. ಗರಿಗರಿಯ ಸಲಹೆ ತೆಗೆದರೆ ಜಾಗವಾಗುತ್ತಿತ್ತು. ಅದಕ್ಕೆ ಕೈ ಹಚ್ಚಲು ಮತೀನನಿಗೂ ಧೈರ್ಯ ಸಾಲಲಿಲ್ಲ. ಹಾಗೇ ಬೈಂಡು ಮಾಡಿದರು, ಕಪ್ಪು ರಟ್ಟು, ಚಿನ್ನದ ಅಕ್ಷರ.

ಅದರಲ್ಲಿ ಖಾಲಿ ಬಿಟ್ಟಿದ್ದ ಏಳು ಚೌಕವನ್ನು ಪೆನ್ನಿನಲ್ಲಿ ತುಂಬಿಸುವ ಕೆಲಸ ಮನೆಯಲ್ಲಿ ನಡೆಯಿತು. ಅಧ್ಯಕ್ಷರು, ವ್ಯವಸ್ಥಾಪಕ ನಿರ್ದೇಶಕರು, ಮಾರುಕಟ್ಟೆ ಮುಖ್ಯಸ್ಥರು ಮೂವರೂ ತಾಜ್ ಪಾಷಾ. ಬಣ್ಣ ಹಚ್ಚುವ, ನಿಖಾತಳ ತಾಯಿ ರೋಶನ್ ಬೀ ಮಾನವ ಸಂಪನ್ಮೂಲ ಮತ್ತು ಸಂಶೋಧನೆ. ಮೂವತ್ತು ವರ್ಷದಿಂದ ಲೇತು ನಡೆಸುತ್ತಿದ್ದ ಸಿದ್ದಯ್ಯ ಉತ್ಪಾದನಾ ವಿಭಾಗದ ಉಪಾಧ್ಯಕ್ಷ ಹಾಗೂ ಏಳನೇ ಚೌಕದಲ್ಲಿ ಅವನ ಕೈಕೆಳಗಿನ ನೌಕರ. ಮಾರನೆಯ ದಿನ ಸಿದ್ದಯ್ಯ ಮರದ ಹೊಟ್ಟು ಗುಡಿಸಲಿಲ್ಲ.

"ಯಾಕ್ ಸಿದ್ದಯ್ಯ?" ಎಂದರು ರೋಶನ್ ಬೀ.

"ವೈಸ್ ಪ್ರೆಸಿಡೆಂಟು ಕಸ ಗುಡ್ಸಕ್ಕಾಯ್ತದಾ ಅಮ್ಮಾವ್ರೇ? ಕೆಳಗ್ಲೋನ್ಗೆ ಹೇಳಿವ್ನಿ. ಅವ್ನು ಇವತ್ತು ರಜಾ ಕೇಳವ್ನೆ."

ರಜೆ ಮಾನವ ಸಂಪನ್ಮೂಲಕ್ಕೆ ಸೇರಿದ್ದು. ರೋಶನ್ ಬೀ ಮಂಜೂರು ಮಾಡಿದರು.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಜೇಬಿನಿಂದ ಸ್ಕೇಲು ತೆಗೆದು ಎಡ ಅಂಚು ಅಳೆದರು, ಸಂತೋಷಪಟ್ಟರು. ಬಲ ಅಂಚು ಅಳೆದರು. ಕೃತಜ್ಞತೆಯಲ್ಲಿ ದೇವರ ಸ್ಥಾನ ನೋಡಿದರು. ಮೈದಾದ ಕುದುರೆಯನ್ನು ದಾಟಿಕೊಂಡು ಹೋಗಿ ಕೊನೆಯ ಪುಟದಲ್ಲಿ ನಿಂತರು.

"ಇದೇನಿದು, ಎಂಬತ್ತೊಂದು?"

"ಅದೊಂದೇ ಸಾರ್ ನಾನು ಕಂಡುಹಿಡಿದಿದ್ದು," ಎಂದಳು ನಿಖಾತ್.

"ಈ ಕಿವಿ ಮಾದರಿ ಪ್ರತಿಯಲ್ಲಿದೆಯೇ?"

"ಇಲ್ಲ ಸಾರ್. ಬಿಸ್ಕತ್ತಿಗೆ ಕಿವಿ ಇರಲ್ಲ."

"ಮತ್ತೆ?" ಎಂದರು ಪರೀಕ್ಷಕರು, ವಾದ ಗೆದ್ದವರ ಸಮಾಧಾನದಲ್ಲಿ.

"ಸಾರ್, ಐವತ್ತು ಜನದಲ್ಲಿ ನಲವತ್ತಮೂರು ಜನ ಕತ್ತೆ ಅಂದ್ರು."

ನಟರಾಜು ಮೇಷ್ಟ್ರು ಮಧ್ಯೆ ಬಂದು, "ಹುಡುಗಿ ಶ್ರಮಜೀವಿ ಸಾರ್, ಒಸಿ ಹೆಚ್ಚಿಗೆ ಕೆಲಸ ಮಾಡ್ಬುಟ್ಟವ್ಳೆ, ಕ್ಷಮಿಸ್ಬೇಕು," ಎಂದರು. ಪರೀಕ್ಷಕರು ಕ್ಷಮಿಸಿದರು. ಸ್ಕೇಲನ್ನು ಪುಟದ ಮೇಲಿಟ್ಟು ಎಂಬತ್ತೊಂದನ್ನು ಅಂದವಾಗಿ ಹರಿದು, ಎಂಬತ್ತನೆಯದರ ಕೆಳಗೆ ಸಹಿ ಹಾಕಿ ಸೀಲು ಹೊಡೆದರು. ಅಂಕ ನೂರಕ್ಕೆ ತೊಂಬತ್ತೊಂದು. ಹರಿದ ಹಾಳೆಯ ಹಿಂಭಾಗ ಖಾಲಿ ಇದ್ದುದರಿಂದ ಅದರಲ್ಲಿ ಮಧ್ಯಾಹ್ನದ ಊಟದ ಪಟ್ಟಿ ಬರೆಯಲಾಯಿತು.

ನಿಖಾತ್ ರೈಲಿನಲ್ಲಿ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಅತ್ತಳು. ತೊಂಬತ್ತೊಂದು ಬಂದದ್ದಕ್ಕೆ ಆನಂದಬಾಷ್ಪ ಎಂದು ಪಕ್ಕದವರು ತಿಳಿದು ಅಭಿನಂದಿಸಿದರು.

ಮನೆಯಲ್ಲಿ ತಾಜ್ ಪಾಷಾ ಕೈ ತೊಳೆದುಕೊಂಡು ಬಂದು ವರದಿಯನ್ನು ಮುಟ್ಟಿದರು. ಕನ್ನಡ ನಿಧಾನವಾಗಿ ಓದುತ್ತಿದ್ದರು, ಕೊನೆಯ ಪುಟ ತೆರೆದು ಬೆರಳಿಟ್ಟು ಓದಿದರು: "ಕುದುರೆಯ ಬಗ್ಗೆ ಶೇಕಡ ಎಪ್ಪತ್ತೆರಡು ಗ್ರಾಹಕರು ತೃಪ್ತರಾಗಿದ್ದಾರೆ." ಕೆಳಗೆ ಸಹಿ. ಸೀಲು. ಅವರ ಕಣ್ಣು ತೇವವಾಯಿತು.

"ನೋಡ್ದಾ ಬೇಟಾ? ನೀನೇ ಬರೆದಿದ್ದೀಯ!"

ನಿಖಾತ್ ಬಾಯಿ ತೆರೆದಳು. ಅಬ್ಬಾ ಇಷ್ಟು ಖುಷಿಯಾಗಿದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು. ಬಾಯಿ ಮುಚ್ಚಿದಳು. ತಾಜ್ ಪಾಷಾ ಅಂದೇ ಇನ್ನೂರು ಕುದುರೆಗೆ ಮರ ತರಿಸಿದರು. ಗರಿಗರಿಯ ಸಲಹೆಯನ್ನು ಗೌರವಿಸಿ ಅರಗನ್ನು ಒಂದು ಪದರ ಹೆಚ್ಚಿಗೆ ಹಚ್ಚಲು ಸಂಶೋಧನಾ ವಿಭಾಗಕ್ಕೆ ಸೂಚಿಸಿದರು.

ವಿಚಿತ್ರವೆಂದರೆ, ಕುದುರೆ ಹೋಗತೊಡಗಿದವು. ವರದಿಯನ್ನು ಅಂಗಡಿಯ ಮುಂದೆ ಸ್ಟೂಲಿನ ಮೇಲೆ, ಆ ಪುಟ ತೆರೆದೇ ಇಡಲಾಗಿತ್ತು. ಅನುಮಾನ ಪಟ್ಟವರು ಓದಿ, ಸೀಲು ನೋಡಿ, ತಮ್ಮ ಕಣ್ಣನ್ನೇ ಅನುಮಾನಿಸಿ ಕೊಂಡೊಯ್ಯುತ್ತಿದ್ದರು. ಮರಳವಾಡಿಯಿಂದ ಬಂದ ರಾಮಲಿಂಗಯ್ಯ ಎಂಬ ರೈತರು ಒಂದು ಭಾನುವಾರ ಐದು ವರ್ಷದ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ತಾಜ್ ಪಾಷಾ ನಮಾಜಿಗೆ ಹೋಗಿದ್ದರಿಂದ ನಿಖಾತ್ ಕುಳಿತಿದ್ದಳು.

"ತಾತ, ಕತ್ತೆ!" ಎಂದಳು ಪುಟ್ಟಿ, ನೇರವಾಗಿ ಕೈ ತೋರಿಸಿ.

ಮುದುಕರು ಕನ್ನಡಕ ಹಾಕಿಕೊಂಡು ಸ್ಟೂಲಿನತ್ತ ಬಗ್ಗಿ ಪುಟವನ್ನು ಪೂರ್ತಿ ಓದಿದರು.

"ಹಂಗನ್ಬಾರ್ದು ಕಣವ್ವ. ಕುದ್ರೆ ಅದು. ಸೀಲ್ ಐತೆ."

ಪುಟ್ಟಿ ಆಟಿಕೆಯನ್ನು ಕೈಗೆತ್ತಿಕೊಂಡು ಎರಡೂ ಕಿವಿ ಹಿಡಿದು ನೋಡಿದಳು. ದೊಡ್ಡವರ ಮಾತಿಗೆ ಬೆಲೆ ಕೊಡುವ ಮಗು. "ಕುದ್ರೆ," ಎಂದು ಒಪ್ಪಿಕೊಂಡಳು. ಆಮೇಲೆ ನಿಖಾತಳ ಮುಖ ನೋಡಿ ಕೇಳಿದಳು: "ಅಕ್ಕಾ, ಹಂಗಾರೆ ಕತ್ತೆ ಹೆಂಗಿರ್ತದೆ?"

"ಗೊತ್ತಿಲ್ಲ ಪುಟ್ಟಿ," ಎಂದಳು ನಿಖಾತ್, ಕುದುರೆಯನ್ನು ಕಾಗದದಲ್ಲಿ ಸುತ್ತುತ್ತ. "ಅದು ಫಾರ್ಮ್ಯಾಟ್‌ನಲ್ಲಿಲ್ಲ."