ಸೂಕ್ತ ಮಾರ್ಗದ ಮೂಲಕ ಬಂದ ಕಾಯಿಲೆ

ಆನುವಂಶಿಕ ಕಾಯಿಲೆಗಳು ಹಿರಿಯರಿಂದ ಕಿರಿಯರಿಗೆ ಸೂಕ್ತ ಮಾರ್ಗದ ಮೂಲಕವೇ ಬರತಕ್ಕದ್ದು ಎಂಬುದು ಆರೋಗ್ಯ ಮಂಡಳಿಯ ನಾಲ್ಕನೇ ನಿಯಮ. ಇದರ ಅರಿವಿಲ್ಲದ ಎಂಟು ತಿಂಗಳ ಹೆಣ್ಣುಮಗುವೊಂದು ಕಾಯಿಲೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಪಡೆದುಕೊಂಡುಬಿಟ್ಟಿತ್ತು.

ಡಾಕ್ಟರಮ್ಮ ತಾಯಿಗೆ ಬಿಡಿಸಿ ಹೇಳಿದ್ದರು. "ಹಾಲಿನಲ್ಲಿರೋ ಒಂದು ಅಂಶ ಅರಗಿಸೋ ಕಿಣ್ವ ಇವಳ ಮೈಯಲ್ಲಿ ತಯಾರಾಗ್ತಿಲ್ಲ. ಉಳಿದಿದ್ದು ಮೆದುಳಿಗೆ ಪೆಟ್ಟು ಕೊಡುತ್ತೆ. ಮಂಡಳಿಯವರ ಹತ್ರ ವಿಶೇಷ ಪುಡಿ ಇದೆ. ಈಗಲೇ ಶುರು ಮಾಡಿದ್ರೆ ಮಗು ಉಳ್ಕೊಳುತ್ತೆ. ತಡ ಮಾಡ್ಬೇಡಿ."

ತಾಯಿ ಮಗುವನ್ನು ಅವಚಿಕೊಂಡು ಮಂಡಳಿಗೆ ಓಡಿದಳು.

"ನಿಮಗಿದೆಯೇನಮ್ಮ ಈ ಕಾಯಿಲೆ?" ಅಧ್ಯಕ್ಷರು ಕೇಳಿದರು.

"ಇಲ್ಲ ಸಾರ್."

"ಯಜಮಾನ್ರಿಗೆ?"

"ಅವರಿಗೂ ಇಲ್ಲ. ಇಬ್ಬರ ರಕ್ತದಲ್ಲೂ ಅಡಗಿತ್ತಂತೆ, ಅದಕ್ಕೇ..."

"ಅಡಗಿಸಿಟ್ಟಿದ್ರಂತೆ. ಬರ್ಕೊಳ್ರೀ."

ಗುಮಾಸ್ತ ಬರೆದುಕೊಂಡ. ಅಧ್ಯಕ್ಷರು ಕಲ್ಲೆದೆಯವರಲ್ಲ, ದಾರಿ ತೋರಿಸಿದರು. ಮನೆಯ ಹಿರಿಯರೊಬ್ಬರಿಗೆ ಕಾಯಿಲೆ ಇದೆಯೆಂದು ದಾಖಲಾದರೆ ಮಗುವಿನದೂ ಸಕ್ರಮವಾಗುತ್ತದೆ.

ತಾಯಿ ಅತ್ತೆಯ ಕಾಲು ಹಿಡಿದಳು. "ನಮ್ಮ ವಂಶದಲ್ಲಿ ಯಾರಿಗೂ ನೆಗಡಿ ಕೂಡ ಬಂದಿಲ್ಲ" ಎಂದು ವಾರದಿಂದ ಸೊಸೆಯ ತವರಿನ ಕಡೆ ಬೆರಳು ತೋರಿಸುತ್ತಿದ್ದ ಅತ್ತೆ, ಮೊಮ್ಮಗಳ ಮುಖ ನೋಡಿ ಕರಗಿಹೋದರು. ಮರುದಿನವೇ ಕಚೇರಿಗೆ ಬಂದು, "ಬರ್ಕೊಳ್ಳಪ್ಪ, ಕಾಯಿಲೆ ನಂದೇ" ಎಂದರು.

"ಮಂಡಿ ನೋವಿದೆಯಾ ಅಜ್ಜಿ?"

"ಇದೆ."

"ಮರೆವು?"

"ಏನು ಕೇಳ್ದೆ?"

ರೋಗ ಖಚಿತವಾಯಿತು. ಒಂದು ತಿಂಗಳ ಬಳಿಕ ಆದೇಶವೂ ಹೊರಬಿತ್ತು:

'ಒಂದು ಕುಟುಂಬಕ್ಕೆ ಒಂದೇ ಡಬ್ಬಿ. ಹಿರಿತನದ ಪಟ್ಟಿಯಂತೆ ಮೊದಲು ಅಜ್ಜಿಗೆ. ಪುಡಿಯನ್ನು ನೀರಿನಲ್ಲಿ ಕದಡಿ ಗುಮಾಸ್ತರ ಸಮಕ್ಷಮದಲ್ಲೇ ಕುಡಿಯತಕ್ಕದ್ದು. ಹಿರಿಯರ ಸ್ಥಾನ ತೆರವಾದ ಕೂಡಲೇ ಕಿರಿಯರನ್ನು ಪರಿಗಣಿಸಲಾಗುವುದು.'

"ಅಂದ್ರೆ ನಾನು ಸಾಯೋವರೆಗೂ ಮಗು ಕಾಯ್ಬೇಕಾ?" ಅಜ್ಜಿ ಕೇಳಿದರು.

"ಬಿಡ್ತು ಅನ್ನಿ ಅಜ್ಜಿ," ಗುಮಾಸ್ತ ಗದ್ಗದಿತನಾದ. "ನೂರು ವರ್ಷ ಬಾಳಿ."

ಡಾಕ್ಟರಮ್ಮನ ಆಕ್ಷೇಪಣೆ ಸೂಕ್ತ ಮಾರ್ಗದ ಮೂಲಕ ಬಾರದ್ದರಿಂದ ವಾಪಸಾಯಿತು. ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಸಾಗಿಸಲು ಯತ್ನಿಸಿದ ಅಜ್ಜಿಗೆ ನೋಟಿಸ್ ಬಂತು. ಆಮೇಲೆ ಅವರು ದಿನವೂ ಅಳುತ್ತಲೇ ಕುಡಿದರು. ಕಣ್ಣೀರಿಗೆ ನಿಯಮದಲ್ಲಿ ಅಡ್ಡಿಯಿರಲಿಲ್ಲ.

ಆರು ತಿಂಗಳ ನಂತರ ಅಜ್ಜಿಯ ರಕ್ತದಲ್ಲಿ ಕಾಯಿಲೆಯ ಸುಳಿವೇ ಇಲ್ಲವೆಂದು ಪರೀಕ್ಷೆಯಿಂದ ತಿಳಿದುಬಂತು. ನೂರಕ್ಕೆ ನೂರು ಗುಣ! ಮಂಡಳಿ ಸಮಾರಂಭ ಏರ್ಪಡಿಸಿತು. ಸಭಾಂಗಣ ಬಿರಿಯುವಂತೆ ಚಪ್ಪಾಳೆ ಬಿತ್ತು. ತಾಯಿಯ ತೊಡೆಯ ಮೇಲಿದ್ದ ಮಗು ಬೆಚ್ಚಲಿಲ್ಲ, ಅಳಲಿಲ್ಲ, ಸದ್ದು ಬಂದತ್ತ ತಿರುಗಲೂ ಇಲ್ಲ.

"ಎಂಥ ಶಿಸ್ತಿನ ಮಗು ನೋಡ್ರೀ!" ಅಧ್ಯಕ್ಷರು ಮೆಚ್ಚಿದರು.

ತಾಯಿ ಮಗುವನ್ನು ತೋಳಿಗೆ ಒರಗಿಸಿಕೊಂಡು ಚಪ್ಪಾಳೆ ತಟ್ಟಿದಳು. ತಟ್ಟದವರ ಹೆಸರನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ.