ಜರಿ ಸೀರೆಯೂ ಎಂ.ಆರ್.ಐ. ಯಂತ್ರವೂ

ಕ್ಯಾನ್ಸರ್ ಬಂದರೂ ಬರಲಿ, ಮರ್ಯಾದೆ ಮಾತ್ರ ನನ್ನ ಕೈಯಲ್ಲೇ ಇದೆ ಎಂದು ನಂಬಿ ಆಸ್ಪತ್ರೆಗೆ ಹೊರಟವಳು ನಾನು. ರಬಕವಿಯಲ್ಲಿ ನಮ್ಮದು ಸೀರೆ ಅಂಗಡಿ; ಅಂದು ಉಟ್ಟಿದ್ದೂ ಅಲ್ಲಿಯ ಜರಿ ಸೀರೆಯೇ. ಮಾಲು ತರುವುದು ಯಜಮಾನರು, ಮಾರುವುದು ನಾನು. ‘ಶುದ್ಧ ಜರಿ’ ಎಂದು ನಾನು ಹೇಳಿದ ಮೇಲೆ ಯಾವ ಗಿರಾಕಿಯೂ ಮರುಮಾತಾಡಿದ್ದಿಲ್ಲ!

ಎದೆಯ ಗಂಟನ್ನು ಮೊದಲೇ ತೆಗೆದಿದ್ದರು. ಎಲ್ಲಾದರೂ ಚೂರು ಉಳಿದಿದೆಯೇ ಎಂದು ನೋಡಬೇಕಿತ್ತು. ಡಾಕ್ಟರು ಹೊಸ ಪ್ರಯೋಗವೊಂದಕ್ಕೆ ಒಪ್ಪಿಗೆ ಕೇಳಿದರು. ಕಣ್ಣಿಗೆ ಕಾಣದ ಕಬ್ಬಿಣದ ನ್ಯಾನೋ ಕಣಗಳನ್ನು ರಕ್ತಕ್ಕೆ ಬಿಡುತ್ತಾರಂತೆ. ಅವು ಕ್ಯಾನ್ಸರ್ ಜೀವಕೋಶಗಳನ್ನೇ ಗುರುತಿಸಿ ಅಂಟಿಕೊಂಡು, ಎಂ.ಆರ್.ಐ. ಚಿತ್ರದಲ್ಲಿ ಹಿಡಿದುಕೊಡುತ್ತವಂತೆ. ಮೊಲದ ಬೆನ್ನು ಹತ್ತಿದ ಮುಧೋಳ ನಾಯಿ! ಜಂಬದಿಂದ ಸಹಿ ಹಾಕಿದೆ. ಒಳಗೊಳಗೆ ಜೀವ ಪುಕಪುಕ ಎನ್ನುತ್ತಿತ್ತು.

ಆ ಕಣಗಳ ಸೂಜಿ ಚುಚ್ಚಿ, ತಾಸುಗಟ್ಟಲೆ ಕೂರಿಸಿ, ಆಮೇಲೆ ನರ್ಸ್ ಬೆನ್ನ ಮೇಲೆ ಲಾಡಿ ಕಟ್ಟುವ ಗೌನೊಂದನ್ನು ತಂದಳು.

“ಸೀರಿ ಬಿಚ್ಚಿ ಇದನ್ನ ಹಾಕ್ಕೋರಿ ಅಕ್ಕಾರ. ಒಳಗ ದೊಡ್ಡ ಅಯಸ್ಕಾಂತ ಐತ್ರಿ, ಜರಿ ನಡಿಯಂಗಿಲ್ಲ.”

“ನನ್ನ ರಕ್ತದಾಗ ಕಬ್ಬಿಣ ನಡಿತೈತಿ, ಸೀರ‍್ಯಾಗ ಜರಿ ನಡಿಯಂಗಿಲ್ಲೇನು? ನಾ ಬಿಚ್ಚಂಗಿಲ್ಲ!”

ಯಜಮಾನರು ಕಿವಿಯಲ್ಲಿ ಉಸುರಿದರು. “ಲೇ, ಅದು ಪ್ಲಾಸ್ಟಿಕ್ ಜರಿ ಅಂತ ಹೇಳಿಬಿಡು.”

“ನಿಮಗ ಹೆಂಗ ಗೊತ್ತು?”

“ತಂದಾಂವ ನಾನಲ್ಲೇನು?”

ಅಂದರೆ ಇಷ್ಟು ದಿನ ನಾನು ಮಾರಿದ್ದೆಲ್ಲ ನಕಲಿ! ಎದುರಿನ ಬೆಂಚಿನಲ್ಲಿ ಬನಹಟ್ಟಿಯ ಗಂಗಕ್ಕ ಕೂತಿದ್ದಳು. ಮಗಳ ಮದುವೆಗೆಂದು ಇದೇ ಮಾಲನ್ನು ನನ್ನ ಮಾತು ನಂಬಿ ಒಯ್ದವಳು.

“ಶುದ್ಧ ಜರಿ!” ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಘೋಷಿಸಿದೆ.

ನರ್ಸ್ ಲೋಹ ಪತ್ತೆಹಚ್ಚುವ ಕೋಲನ್ನು ಸೆರಗಿನ ಮೇಲೆ ಆಡಿಸಿದಳು. ಸದ್ದಿಲ್ಲ. ಅಂಚಿನ ಮೇಲೆ ಆಡಿಸಿದಳು. ಸದ್ದಿಲ್ಲ. ನೆರಿಗೆಯ ಪಿನ್ನಿಗೆ ಬಂದಾಗ ಮಾತ್ರ ಕಿರುಚಿಕೊಂಡಿತು!

“ಜರಿ ಖೊಟ್ಟಿ ಐತ್ರಿ ಅಕ್ಕಾರ,” ಎಂದು ಆ ಪುಣ್ಯಾತ್ಗಿತ್ತಿ ಸಮಾಧಾನ ಹೇಳಿದಳು. “ಆದ್ರೂ ಗೌನು ಹಾಕ್ಕೋಬೇಕ್ರಿ.”

ಗಂಗಕ್ಕ ಎದ್ದು ನಿಂತಳು. ನಾನು ಗೌನು ಕಸಿದುಕೊಂಡು ಒಳಗೆ ಓಡಿ, ಸೀರೆಯನ್ನು ಬಾಗಿಲ ಸಂದಿಯಿಂದ ಯಜಮಾನರತ್ತ ಎಸೆದೆ.

ಎಲ್ಲ ಮುಗಿದ ಮೇಲೆ ಡಾಕ್ಟರು ಒಳಗೇ ಕೂರಿಸಿ ಚಿತ್ರ ತೋರಿಸಿದರು. ಕಣಗಳು ಕಂಕುಳಲ್ಲಿ ಅಡಗಿದ್ದ ಒಂದೇ ಒಂದು ಚುಕ್ಕೆಯನ್ನು ಹಿಡಿದಿದ್ದವು. ಬೇರೆಲ್ಲೂ ಇರಲಿಲ್ಲ.

“ಸಣ್ಣದೈತಿ, ತಗದ್ರ ಆತು. ಹೆದರಬ್ಯಾಡ್ರಿ.”

ಅತ್ತೇಬಿಟ್ಟೆ. ಆಮೇಲೆ ಗೌನಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ಸೆಟೆದು ನಿಂತೆ. “ಯಾರಿಗೂ ಹೆದರೋ ಹೆಣ್ಣಲ್ರಿ ನಾ!”

ಯಜಮಾನರು ಬಾಗಿಲಲ್ಲಿ ಇಣುಕಿದರು. “ನಿನ್ನ ಸೀರಿ ನನ್ನ ಕೈಯಿಂದ ಕಸ್ಕೊಂಡು ಗಂಗಕ್ಕ ಹೊರಗ ಕುಂತಾಳ.”

ಹಿಂಬಾಗಿಲಿನಿಂದ ಓಡಿದೆ. ಅದೇ ಗೌನಿನಲ್ಲಿ!